ಒಡಲಾಳ ಕೇಳಿ ನಕ್ಕವರು

ಕಳೆದ ವರ್ಷ ಇಂದಿರಾನಗರದ ಒಂದು ಸಣ್ಣ ಸಭಾಂಗಣದಲ್ಲಿ ದೇವನೂರ ಮಹಾದೇವರ 'ಒಡಲಾಳ' ಓದಿ ಅಂತ ನಮ್ಮನ್ನು ಕರೆದಿದ್ದರು. ನಾವು ಮೂರು ಜನ ಹೋದೆವು. ಸಾಕವ್ವನ ಮಾತು ಒಬ್ಬರಿಗೆ, ಮಿಕ್ಕದ್ದು ಇನ್ನಿಬ್ಬರಿಗೆ ಅಂತ ಹಂಚಿಕೊಂಡಿದ್ದೆವು. ಐವತ್ತು ಅರವತ್ತು ಜನ ಸೇರಿದ್ದರು. ಓದು ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ನಗು ಶುರುವಾಯಿತು. ಮುಗಿಯುವ ತನಕ ನಕ್ಕರು. ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಸಕತ್ ಎಂಜಾಯ್ ಮಾಡಿದ್ವಿ" ಅಂತ ಕೈ ಕುಲುಕಿದರು. ನಾವೂ ಹಲ್ಲು ಬಿಟ್ಟುಕೊಂಡು ಕೈ ಕೊಟ್ಟೆವು. ಮೆಟ್ರೋ ಹತ್ತಿ ಕೆ.ಆರ್. ಪುರದ ಕಡೆ ಬರುವಾಗ ಮೂವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಏನೋ ಕಳಕೊಂಡು ಬಂದ ಹಾಗಿತ್ತು. ಏನು ಅಂತ ಮಾತ್ರ ಗೊತ್ತಾಗಲಿಲ್ಲ.

ಹಾಸ್ಯರಸದ ಬಗ್ಗೆ ಅಲಂಕಾರಶಾಸ್ತ್ರದವರು ಬೇಕಾದಷ್ಟು ಬರೆದಿಟ್ಟಿದ್ದಾರೆ. ಅದು ಅವರಿಗಿರಲಿ. ನಮಗೆ ಬೇಕಾದ ಉತ್ತರ ಇಷ್ಟೇ: ಹಸಿದವರ ಕತೆ ಕೇಳಿ ಹೊಟ್ಟೆ ತುಂಬಿದವರು ನಗಬಹುದೇ? ನಕ್ಕರೆ ಅದು ಅವಮಾನವೇ? ನಗದಿದ್ದರೆ ಅದು ಮರ್ಯಾದೆಯೇ?

ಕತೆ ಓದದವರಿಗೆ ನಾಲ್ಕು ಮಾತು. ಸಾಕವ್ವ ಹಳ್ಳಿಯ ಕೇರಿಯ ಮುದುಕಿ. ಅವಳ ಒಂದು ಹುಂಜ ಕಾಣೆಯಾಗಿದೆ. ಅದನ್ನು ಹುಡುಕುವುದೇ ಅವತ್ತು ಅವಳಿಗೆ ಲೋಕದ ದೊಡ್ಡ ಕೆಲಸ. ಮನೆ ತುಂಬ ಮಕ್ಕಳು, ಮೊಮ್ಮಕ್ಕಳು, ಜಗಳ, ಹಸಿವು. ರಾತ್ರಿ ಒಬ್ಬ ಮಗ ಸಾವ್ಕಾರನ ಕಡಲೇಕಾಯಿ ಮೂಟೆಯೊಂದನ್ನು ಕದ್ದು ತರುತ್ತಾನೆ. ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತಾರೆ. ಜಗಳವಾಡಿದವರು ಜಗಳ ಮರೆಯುತ್ತಾರೆ. ಬೆಳಗಾದ ಮೇಲೆ ಪೊಲೀಸರು ಮನೆ ಶೋಧಿಸಲು ಬರುತ್ತಾರೆ. ಮೂಟೆ ಎಲ್ಲಿ? ಮೂಟೆ ಹೊಟ್ಟೆಯೊಳಗೆ. ಸರ್ಕಾರ ಹುಡುಕುತ್ತಿರುವ ಸಾಕ್ಷಿ ಇರುವುದು ಒಡಲ ಆಳದಲ್ಲಿ. ಅಲ್ಲಿಗೆ ಯಾವ ಪೊಲೀಸರ ಕೈಯೂ ಹೋಗುವುದಿಲ್ಲ.

ಇದರಲ್ಲಿ ನಗು ಇಲ್ಲ ಅಂತ ಯಾರು ಹೇಳುತ್ತಾರೆ?

ಆದರೂ ಅವತ್ತು ರಾತ್ರಿ ನಮ್ಮ ಉತ್ತರ ಸುಲಭವಾಗಿತ್ತು. ಅವರು ನಕ್ಕದ್ದು ತಪ್ಪು. ಈ ದೇಶದಲ್ಲಿ ನಗುವಿಗೂ ಜಾತಿ ಇದೆ. ಮೇಲೆ ಕೂತವನು ಕೆಳಗೆ ನೋಡಿ ನಕ್ಕರೆ ಅದಕ್ಕೆ ಹಾಸ್ಯ ಅಂತ ಹೆಸರು. ಕೆಳಗಿದ್ದವನು ಮೇಲೆ ನೋಡಿ ನಕ್ಕರೆ ಅದಕ್ಕೆ ಉದ್ಧಟತನ ಅಂತ ಹೆಸರು. ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಚಳವಳಿಯ ಹುಟ್ಟಿನಲ್ಲೇ ಇದೆ. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅನ್ನುವ ಅರ್ಥದ ಮಾತಾಡಿದರು. ಅವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸುವುದಕ್ಕೆ ಹೊರಟವರು. ಬೂಸಾ ಅಂದರೇನು ಅಂತ ದನ ಸಾಕಿದವರಿಗೆಲ್ಲ ಗೊತ್ತು. ಒಂದೇ ಪದದಲ್ಲಿ ವಿಮರ್ಶೆಯೂ ಇತ್ತು, ಚೇಷ್ಟೆಯೂ ಇತ್ತು. ಕೇಳಿದವರು ನಕ್ಕು ಸುಮ್ಮನಾಗಬಹುದಿತ್ತು, ಇಲ್ಲವೇ ವಾದಕ್ಕೆ ಇಳಿಯಬಹುದಿತ್ತು. ಎರಡೂ ಮಾಡಲಿಲ್ಲ, ಕಲ್ಲು ಎತ್ತಿಕೊಂಡರು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ನಮ್ಮವನೊಬ್ಬ ಮಾಡಿದ ಒಂದು ಚೇಷ್ಟೆಗೆ ಕನ್ನಡನಾಡು ಕೊಟ್ಟ ಬೆಲೆ ಅದು.

ಅದು ಹಳೇ ಕಾಲ ಅನ್ನುವಂತಿಲ್ಲ. 2021ರ ನವೆಂಬರ್ 28ರಂದು ಇದೇ ಕಂಟೋನ್ಮೆಂಟಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಮುನವ್ವರ್ ಫಾರೂಕಿ ಅನ್ನುವ ಹಾಸ್ಯ ಕಲಾವಿದನ ಕಾರ್ಯಕ್ರಮ ಇತ್ತು. ಅದೇ ವರ್ಷದ ಮೊದಲ ದಿನ ಇಂದೋರಿನಲ್ಲಿ ಹಿಡಿದು, ಒಂದು ತಿಂಗಳಿಗೂ ಮೇಲೆ ಜೈಲಿನಲ್ಲಿಟ್ಟಿದ್ದು ಇವನನ್ನೇ. ಇಲ್ಲಿ ಶಾಂತಿಭಂಗವಾದೀತು ಅಂತ ಪೊಲೀಸರು ಪತ್ರ ಬರೆದರು, ಕಾರ್ಯಕ್ರಮ ನಿಂತಿತು. ಇನ್ನೂ ಬಾಯಿಗೆ ಬಾರದ ನಗೆಮಾತಿಗೆ ಬೀಗ ಬಿತ್ತು. ಇನ್ನೊಂದು ಕಡೆ, 2023ರ ಫೆಬ್ರವರಿಯಲ್ಲಿ ನಗರದ ಒಂದು ಖಾಸಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಿಮ್ಹಾನ್ಸ್ ಸಭಾಭವನದಲ್ಲಿ ಒಂದು ಪ್ರಹಸನ ಆಡಿದರು. ಅಂಬೇಡ್ಕರರ ಹೆಸರಿಗೆ ಬಿಯರನ್ನು ಜೋಡಿಸಿದರು, ದಲಿತರನ್ನು ಹಂಗಿಸಿದರು. ಕೇಸಾಯಿತು, ಬಂಧನವಾಯಿತು, ಮುಂದೆ ಹೈಕೋರ್ಟು ಆ ಕೇಸನ್ನು ರದ್ದು ಮಾಡಿತು. ಕಾನೂನಿನ ಮಾತು ಕಾನೂನಿಗೆ. ನಾಲ್ಕು ಹುಡುಗರು ಜೈಲಲ್ಲಿ ಕೊಳೆತರೆ ನಮಗೇನೂ ಸಿಗುವುದಿಲ್ಲ. ನಮ್ಮನ್ನು ಕಾಡಿದ್ದು ಬೇರೆ. ಅದನ್ನು ಬರೆದರು, ತಾಲೀಮು ಮಾಡಿದರು, ತುಂಬಿದ ಸಭೆಯಲ್ಲಿ ಆಡಿ ಮುಗಿಸಿದರು. ಅಷ್ಟು ಹಂತದಲ್ಲಿ ಎಲ್ಲೂ ಅದಕ್ಕೆ ಅಡ್ಡಿ ಬರಲಿಲ್ಲ.

ಇಷ್ಟನ್ನೆಲ್ಲ ಜೋಡಿಸಿಕೊಂಡು ನಾವು ಇಂದಿರಾನಗರದ ಸಭೆಗೆ ಶಿಕ್ಷೆ ಬರೆಯಲು ಕೂತಿದ್ದೆವು. ಬರೆಯುವಾಗ ಒಬ್ಬ ಹಿರಿಯರ ನೆನಪಾಯಿತು.

ಅವತ್ತು ಇಡೀ ಸಭೆಯಲ್ಲಿ ನಗದೆ ಇದ್ದವರು ಅವರೊಬ್ಬರೇ. ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಓದು ಮುಗಿದ ಮೇಲೆ ಕಣ್ಣೊರೆಸಿಕೊಂಡು ಬಂದರು. "ಪಾಪ, ಎಂಥಾ ಬಡತನ. ಆ ಕುಟುಂಬಕ್ಕೆ ಈಗ ಏನಾದರೂ ಸಹಾಯ ಮಾಡಬಹುದಾ?" ಅಂದರು. ಕತೆಯ ಕುಟುಂಬಕ್ಕೆ! ಜೇಬಿಗೆ ಕೈ ಹಾಕುವುದೊಂದು ಬಾಕಿ. ಒಳ್ಳೆಯ ಮನುಷ್ಯ, ಅನುಮಾನ ಬೇಡ. ಆದರೂ ನಕ್ಕ ಅಷ್ಟು ಜನ ಚುಚ್ಚಿದ್ದಕ್ಕಿಂತ ಆ ಒಬ್ಬರ ಕಣ್ಣೀರು ನಮಗೆ ಆಳವಾಗಿ ಚುಚ್ಚಿತು. ಯಾಕೆ?

ಯೋಚನೆ ಮಾಡಿದರೆ ಕಾರಣ ಕಾಣುತ್ತದೆ. ಸಾಕವ್ವನ ಹತ್ತಿರ ಜಮೀನಿಲ್ಲ, ಕಾಸಿಲ್ಲ, ಹುಂಜವೂ ಇಲ್ಲ. ಇರುವುದು ಬಾಯಿ ಒಂದೇ. ಬೈಯುವ ಬಾಯಿ, ಕತೆ ಕಟ್ಟುವ ಬಾಯಿ, ಶಾಪ ಹಾಕುವ ಬಾಯಿ, ನಗಿಸುವ ಬಾಯಿ. ಕನಿಕರದವರು ಅವಳ ಹಸಿವನ್ನು ತಗೊಂಡರು, ಬಾಯನ್ನು ಅಲ್ಲೇ ಬಿಟ್ಟರು. ಅವರಿಗೆ ಕಾಣಿಸಿದ್ದು ಒಂದು ಖಾಲಿ ಹೊಟ್ಟೆ. ಆ ಹೊಟ್ಟೆಯ ಮೇಲೊಂದು ತಲೆ ಇದೆ, ಆ ತಲೆ ಸಾವ್ಕಾರನನ್ನೂ ಪೊಲೀಸರನ್ನೂ ಅಳೆದು ತೂಗಿ ಇಟ್ಟಿದೆ ಅನ್ನುವುದು ಕಾಣಿಸಲಿಲ್ಲ. ನಗು ಬಿಟ್ಟು ಒಡಲಾಳ ಓದಿದರೆ ಸಾಕವ್ವ ಭಿಕ್ಷುಕಿ ಆಗುತ್ತಾಳೆ. ಮಹಾದೇವರು ಅವಳನ್ನು ಭಿಕ್ಷುಕಿ ಮಾಡಿಲ್ಲ. ಉಮಾಶ್ರೀ ರಂಗದ ಮೇಲೆ ಸಾಕವ್ವನಾಗಿ ಬಂದಾಗಲೂ ಅವಳು ಕೈಯೊಡ್ಡಿ ನಿಂತವಳಾಗಿರಲಿಲ್ಲ. ಅಲ್ಲಿಗೆ ನಮ್ಮ ಸುಲಭದ ಉತ್ತರ ಬಿದ್ದುಹೋಯಿತು. ನಗದೆ ಕೂತವರೂ ತಪ್ಪು ಕೇಳಿಸಿಕೊಳ್ಳಬಹುದು.

ಹಾಗಾದರೆ ನಕ್ಕವರು ಸರಿಯಾಗಿ ಕೇಳಿಸಿಕೊಂಡರೇ? ಓದಿನ ಧ್ವನಿಮುದ್ರಣ ನಮ್ಮ ಫೋನಿನಲ್ಲಿತ್ತು. ಕೂತು ಕೇಳಿದೆವು. ಮೊದಲ ನಗು ಬಂದ ಜಾಗದಲ್ಲಿ ತಮಾಷೆಯೇ ಇರಲಿಲ್ಲ. ಸಾಕವ್ವ ಸುಮ್ಮನೆ ಮಾತಾಡಿದ್ದಳು, ಅಷ್ಟೆ. ಅವರು ನಕ್ಕದ್ದು ಅವಳು ಏನು ಹೇಳಿದಳು ಅನ್ನುವುದಕ್ಕಲ್ಲ, ಹೇಗೆ ಹೇಳಿದಳು ಅನ್ನುವುದಕ್ಕೆ. ನಂಜನಗೂಡು, ಚಾಮರಾಜನಗರದ ಕಡೆಯ ಕೇರಿಯ ಕನ್ನಡ ಕಿವಿಗೆ ಬಿದ್ದ ತಕ್ಷಣ ಬೆಂಗಳೂರಿನ ತುಟಿ ತಾನಾಗಿ ಅರಳುತ್ತದೆ. ಇದನ್ನು ಕಲಿಸಿದವರು ಇದ್ದಾರೆ. ಕಂಪನಿ ನಾಟಕದ ಆಳುಮಗ, ಸಿನಿಮಾದ ಕೆಲಸದವಳು, ಟೀವಿಯ ಕಾಮಿಡಿ ಷೋ, ಹಾಸ್ಯೋತ್ಸವದ ಹಳ್ಳಿ ಗಮಾರ. ಇವರೆಲ್ಲ ಸೇರಿ ನಮ್ಮ ಅವ್ವಂದಿರ ಮಾತನ್ನೇ ಒಂದು ತಮಾಷೆ ಮಾಡಿ ಇಟ್ಟಿದ್ದಾರೆ. ಆ ನಗುವಿಗೆ ಕತೆ ಬೇಕಾಗಿಲ್ಲ, ಉಚ್ಚಾರಣೆ ಸಾಕು.

ಎರಡನೇ ನಗು ಕಡಲೇಕಾಯಿ ತಿನ್ನುವ ರಾತ್ರಿಯದು. ಇಲ್ಲಿ ಸಭೆ ಕತೆಯ ಜೊತೆಗಿತ್ತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪೊಲೀಸರು ಮನೆಯೊಳಗೆ ಬಂದು ಹುಡುಕುವ ಭಾಗಕ್ಕೆ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅಧಿಕಾರವನ್ನು ಕಂಡು ನಕ್ಕರಲ್ಲ, ಒಳ್ಳೆಯದೇ ಆಯಿತಲ್ಲ ಅಂತ ನಾವೂ ಅಂದುಕೊಂಡೆವು. ಹಲಸೂರಿಗೆ ಹೋಗದೆ ಇದ್ದಿದ್ದರೆ ಹಾಗೇ ಅಂದುಕೊಂಡು ಇರುತ್ತಿದ್ದೆವು.

ಎರಡು ವಾರದ ಮೇಲೆ ಹಲಸೂರಿನಲ್ಲಿ, ಮರ್ಫಿ ಟೌನಿನ ಪಕ್ಕದ ಒಂದು ಓಣಿಯಲ್ಲಿ ಅದೇ ಭಾಗ ಓದಿದೆವು. ಇಂದಿರಾನಗರದಿಂದ ನಡೆದೇ ಹೋಗಬಹುದಾದ ಜಾಗ. ಅಲ್ಲಿನ ಮನೆಗಳಲ್ಲಿ ತಮಿಳು, ತೆಲುಗು. ಬೀದಿಯಲ್ಲಿ ಕನ್ನಡ. ದಂಡಿನ ಕಾಲದಲ್ಲಿ ದೊರೆಗಳ ಬಂಗಲೆಯ ಕಸ ಹೊಡೆದವರ, ಅಡಿಗೆ ಬೇಯಿಸಿದವರ, ಕುದುರೆ ಮೈ ತಿಕ್ಕಿದವರ ಮೊಮ್ಮಕ್ಕಳು ಈಗ ನಗರದ ಕಸ ಹೊಡೆಯುತ್ತಾರೆ. ಬೆಳಗಿನ ಜಾವ ಎದ್ದು ಬೀದಿ ಗುಡಿಸುವ ಹೆಂಗಸರು ಸಂಜೆ ಬಂದು ಕೂತರು. ಒಂದು ಟ್ಯೂಬ್‌ಲೈಟು, ಗೋಡೆ ಮೇಲೆ ಅಂಬೇಡ್ಕರ್ ಪಟ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ನಮ್ಮ ಅಳುಕು ಏನೆಂದರೆ ಇವರಿಗೆ ನಂಜನಗೂಡಿನ ಕನ್ನಡ ಅರ್ಥವಾಗುತ್ತದೋ ಇಲ್ಲವೋ ಅಂತ. ಅಲ್ಲಲ್ಲಿ ಒಬ್ಬಳು ಹುಡುಗಿ ತಮಿಳಿನಲ್ಲಿ ಎತ್ತಿ ಹೇಳಿದಳು. ಅಷ್ಟೇ ಸಾಕಾಯಿತು.

ಅವರೂ ನಕ್ಕರು. ಇಂದಿರಾನಗರಕ್ಕಿಂತ ಜೋರಾಗಿ ನಕ್ಕರು. ಮಾತಿನ ಧಾಟಿಗೆ ಒಬ್ಬರೂ ನಗಲಿಲ್ಲ, ಅದು ಅವರಿಗೆ ವಿಶೇಷವೇ ಅಲ್ಲ. ಹುಂಜ ಕಾಣೆಯಾದದ್ದಕ್ಕೆ ಸಾಕವ್ವ ಪಡುವ ಸಂಕಟಕ್ಕೂ ನಗಲಿಲ್ಲ. "ಹುಂಜ ಅಂದ್ರೆ ಸುಮ್ನೆನಾ ಸಾರ್, ಈಗ ಎಷ್ಟು ರೇಟು" ಅಂತ ಲೆಕ್ಕ ಹಾಕಿದರು. ಮೂಟೆ ಮನೆಗೆ ಬಂದಾಗ ಶುರುವಾಯಿತು ನೋಡಿ ನಗು. ಒಬ್ಬ ಅಮ್ಮ ಓದನ್ನೇ ನಿಲ್ಲಿಸಿ ಕೇಳಿದರು: "ರಾತ್ರಿಯೆಲ್ಲ ಅಷ್ಟು ಕಡ್ಲೇಕಾಯಿ ತಿಂದವರು ಬೆಳಿಗ್ಗೆ ಮನೆಲಿರ್ತಾರಾ? ಆ ಪೊಲೀಸ್ನೋರಿಗೆ ಬುದ್ಧಿ ಇಲ್ಲ. ಮನೆ ಯಾಕೆ ಹುಡುಕೋದು? ಬಯಲಿಗೆ ಹೋಗಿ ಹುಡುಕಿದ್ರೆ ಮೂಟೆ ಪೂರ್ತಿ ಅಲ್ಲೇ ಸಿಕ್ತಿತ್ತು!" ಓಣಿಗೆ ಓಣಿಯೇ ಉರುಳಾಡಿತು. ನಾವೂ ಪುಸ್ತಕ ಮಡಚಿ ನಕ್ಕೆವು. ಒಡಲಾಳದ ಬಗ್ಗೆ ನಾವು ಓದಿದ ಯಾವ ವಿಮರ್ಶೆಯೂ ಅಷ್ಟು ದೂರ ಹೋಗಿರಲಿಲ್ಲ. ದಿನಾ ಊರಿನವರ ಹೊಲಸು ಬಳಿಯುವ ಹೆಂಗಸು ಆಡಿದ ಮಾತು ಅದು. ಅವರ ಬದುಕೆಲ್ಲ ಅದರಲ್ಲಿತ್ತು, ನಗುತ್ತಾ ಇತ್ತು.

ಮತ್ತೆ ಓದು ಶುರು ಮಾಡಿದೆವು. ಪೊಲೀಸರು ಮನೆಯೊಳಗೆ ಬಂದರು. ನಗು ನಿಂತಿತು.

ಯಾರೂ ಸುಮ್ಮನಿರಿ ಅನ್ನಲಿಲ್ಲ. ಒಬ್ಬೊಬ್ಬರಾಗಿ ನಿಂತರು. ಬಾಗಿಲ ಹತ್ತಿರ ಆಡುತ್ತಿದ್ದ ಮಗುವನ್ನು ಒಬ್ಬಾಕೆ ಎಳೆದು ಮಡಿಲಿಗೆ ಹಾಕಿಕೊಂಡರು. ಹಿಂದೆ ನಿಂತಿದ್ದ ಇಬ್ಬರು ಹುಡುಗರು ಬೀಡಿ ಆರಿಸಿ ಗೋಡೆಗೆ ಒರಗಿದರು. ಶೋಧ ಮುಗಿಯುವ ತನಕ ಅಲ್ಲಿ ಉಸಿರಾಟ ಬಿಟ್ಟರೆ ಏನೂ ಕೇಳಲಿಲ್ಲ. ಮೂಟೆ ಸಿಗಲಿಲ್ಲ ಅಂತಾದ ಮೇಲೆ ಒಂದು ನಗು ಬಂತು. ಚಿಕ್ಕದು, ಮೂಗಿನಲ್ಲಿ ಬಂದದ್ದು. ಗೆದ್ದವರು ಗೆದ್ದೆವು ಅಂತ ಹೇಳಿಕೊಳ್ಳಲಾಗದೆ ಇದ್ದಾಗ ಬರುವ ನಗು.

ಒಂದೇ ಕತೆ, ಒಂದೇ ಓದು. ಇಂದಿರಾನಗರದಲ್ಲಿ ಅತಿ ಜೋರಾಗಿ ನಗು ಎದ್ದ ಜಾಗದಲ್ಲೇ ಹಲಸೂರಿನಲ್ಲಿ ನಗು ನಿಂತಿತು. ಇಂದಿರಾನಗರದವರಿಗೆ ಪೊಲೀಸರು ಮನೆಯೊಳಗೆ ಬರುವುದು ಒಂದು ಪ್ರಸಂಗ. ಪಾಸ್‌ಪೋರ್ಟಿನ ಕಾಗದ ನೋಡುವುದಕ್ಕೆ ಮಾತ್ರ ಅವರ ಮನೆಗೆ ಪೊಲೀಸರು ಬರುತ್ತಾರೆ, ಬಂದರೆ ಕಾಫಿಯೂ ಸಿಗುತ್ತದೆ. ಹಲಸೂರಿನ ಆ ಓಣಿಗೆ ಎಲ್ಲಿ ಏನು ಕಳುವಾದರೂ ಮೊದಲು ಬರುತ್ತಾರೆ. ಅದನ್ನು ನಾವು ಯಾರಿಗೂ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಅವತ್ತಿನಿಂದ ನಮಗೆ ಪ್ರಶ್ನೆಯೇ ಬದಲಾಗಿದೆ. ನಗಬಹುದೇ ಬಾರದೇ ಅನ್ನುವುದನ್ನು ಬಿಟ್ಟಿದ್ದೇವೆ. ನಕ್ಕವನ ನಗು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೋಡುತ್ತೇವೆ.

ಇದನ್ನು ನಮಗಿಂತ ಮೊದಲು ಕಂಡು ಬರೆದವರು ಸಿದ್ಧಲಿಂಗಯ್ಯನವರು. 1975ರ 'ಹೊಲೆಮಾದಿಗರ ಹಾಡು' ನಮ್ಮ ಹಿಂದಿನ ತಲೆಮಾರಿಗೆ ಬೆಂಕಿ ಕೊಟ್ಟಿತು. ಅದೇ ಮನುಷ್ಯ ಮುಂದೆ 'ಊರುಕೇರಿ' ಬರೆದಾಗ ಅದರ ತುಂಬ ನಗು. ಹೊಲದಲ್ಲಿ ಇಬ್ಬರು ಆಳುಗಳ ಹೆಗಲಿಗೆ ನೊಗ ಹೂಡಿ, ಇನ್ನೊಬ್ಬ ಹಿಂದೆ ನಿಂತು ಉಳುವುದನ್ನು ಒಂದು ಮಗು ನೋಡುತ್ತದೆ. ಅದಕ್ಕೆ ಅದು ಮೋಜಿನ ನೋಟ. ಮನುಷ್ಯರು ಎತ್ತಿನ ಹಾಗೆ ಹೋಗಿ ಬರುವುದು ಮಗುವಿಗೆ ಆಟದ ಹಾಗೆ ಕಾಣುತ್ತದೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಅಂತ ಗೊತ್ತಾಗುತ್ತದೆ. ಮೋಜು ಅಲ್ಲಿಗೆ ಮುಗಿಯಿತು. ಲೇಖಕರು ಅದರ ಮೇಲೆ ಭಾಷಣ ಮಾಡುವುದಿಲ್ಲ. ಮಗು ಮೊದಲು ಖುಷಿಪಟ್ಟದ್ದು ತಪ್ಪು ಅಂತ ಕ್ಷಮೆ ಕೇಳುವುದೂ ಇಲ್ಲ. ನಗು ಇತ್ತು, ಅಪ್ಪ ಕಂಡ, ನಗು ನಿಂತಿತು. 2021ರ ಜೂನಿನಲ್ಲಿ ಕೊರೊನಾ ಅವರನ್ನು ಕೊಂಡೊಯ್ದಾಗ ನಮ್ಮಲ್ಲಿ ಹಲವರಿಗೆ ಮೊದಲು ನೆನಪಾದದ್ದು ಆ ಹೊಲ.

ನಮ್ಮಂಥ ಎಳೆಯರಿಗೆ ಊರುಕೇರಿಯ ಮೇಲೆ ಒಂದು ಗುಮಾನಿ ಇತ್ತು. ಸಿಟ್ಟೆಲ್ಲಿ ಹೋಯಿತು? ನೊಗದ ಗಾಯವನ್ನು ನಗೆಮಾತಿನಲ್ಲಿ ಒರೆಸಿಬಿಟ್ಟರೆ? ಈಗ ಅನ್ನಿಸುತ್ತದೆ, ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಸಿಟ್ಟಿನಿಂದ ಬರೆದಿದ್ದರೆ ಓದುವವನು ಮೊದಲ ಸಾಲಿಗೇ ಎಚ್ಚರವಾಗಿ, ಒಳ್ಳೆಯವನ ಮುಖ ಹಾಕಿಕೊಂಡು ಕೂರುತ್ತಿದ್ದ. ನಗುತ್ತಾ ಬಂದವನು ಮುಖ ಹಾಕಿಕೊಳ್ಳುವುದಕ್ಕೆ ಮೊದಲೇ ನೊಗದ ಎದುರು ಬಂದು ನಿಂತಿರುತ್ತಾನೆ. ಆಗ ಅವನು ತನ್ನನ್ನೇ ಕೇಳಿಕೊಳ್ಳಬೇಕು: ಅದು ನನ್ನ ಅಪ್ಪ ಆಗಿದ್ದರೆ?

ಬೇರೆ ದೇಶದ ಒಂದು ಓದೂ ಇದೆ. ಪ್ರಾಗ್ ಊರಿನಲ್ಲಿ ಫ್ರಾಂಜ್ ಕಾಫ್ಕಾ ತನ್ನ 'ದಿ ಟ್ರಯಲ್' ಕಾದಂಬರಿಯ ಮೊದಲ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳಿದ. ಏನೂ ತಪ್ಪು ಮಾಡದ ಒಬ್ಬನನ್ನು ಬೆಳಿಗ್ಗೆ ಬಂದು ಬಂಧಿಸುವ ಕತೆ. ಗೆಳೆಯರು ತಡೆಯಲಾರದೆ ನಕ್ಕರಂತೆ. ಓದುತ್ತಿದ್ದ ಕಾಫ್ಕಾನಿಗೇ ನಗು ಉಕ್ಕಿ ನಡುನಡುವೆ ಓದಲಾಗಲಿಲ್ಲವಂತೆ. ಅವನ ಗೆಳೆಯ ಮ್ಯಾಕ್ಸ್ ಬ್ರೋಡ್ ಇದನ್ನು ಬರೆದಿಟ್ಟಿದ್ದಾನೆ. ನಮ್ಮ ನವ್ಯದವರು ಇದೇ ಕಾಫ್ಕಾನನ್ನು ಹುಬ್ಬು ಗಂಟಿಕ್ಕಿಕೊಂಡು ಓದಿದರು, ಅಸ್ತಿತ್ವದ ಸಂಕಟ ಅಂತ ನಿಟ್ಟುಸಿರಿಟ್ಟರು. ಕಾಫ್ಕಾ ಯೆಹೂದಿ. ಬಾಗಿಲು ಬಡಿಯುವ ಸದ್ದು ಅವನ ಜನರಿಗೆ ಹೊಸದಲ್ಲ. 1924ರಲ್ಲಿ ಅವನು ಸತ್ತ. ಆಮೇಲೆ ಅವನ ಮೂವರು ತಂಗಿಯರನ್ನೂ ನಾಜಿಗಳು ಕೊಂದರು. ಆ ಕೋಣೆಯ ನಗು ನಮಗೆ ಇಂದಿರಾನಗರದ ನಗುವಿನ ಹಾಗೆ ಕೇಳಿಸುವುದಿಲ್ಲ, ಹಲಸೂರಿನ ಅಮ್ಮನ ನಗುವಿನ ಹಾಗೆ ಕೇಳಿಸುತ್ತದೆ. ತನ್ನ ಮನೆಯ ಬಾಗಿಲನ್ನೇ ನೋಡುತ್ತಾ ನಕ್ಕ ನಗು ಅದು.

ಇಲ್ಲಿಯವರೆಗೆ ಕೇಳಿದವರ ವಿಚಾರಣೆ ನಡೆಸಿದೆವು. ಓದಿದವರ ವಿಚಾರಣೆ ಬಾಕಿ ಇದೆ. ಅದನ್ನು ಬರೆಯದೆ ಹೋದರೆ ಈ ಲೇಖನವೂ ಬೂಸಾ.

ಧ್ವನಿಮುದ್ರಣದಲ್ಲಿ ಇನ್ನೊಂದು ಕೇಳಿಸಿತು. ಇಂದಿರಾನಗರದಲ್ಲಿ ಮೊದಲ ನಗು ಬಂದ ಮೇಲೆ ನಮ್ಮ ಓದಿನ ದನಿ ಬದಲಾಗಿದೆ. ಸಾಕವ್ವನ ಮಾತನ್ನು ಎಳೆದಿದ್ದೇವೆ. ಇಲ್ಲದ ರಾಗ ಹಾಕಿದ್ದೇವೆ. ನಗು ಬರಲಿ ಅಂತ ನಿಲ್ಲಿಸಿದ್ದೇವೆ, ಬಂದ ಮೇಲೆ ಮುಂದುವರಿಸಿದ್ದೇವೆ. ಟೀವಿಯ ಕಾಮಿಡಿ ಷೋದವರು ಮಾಡುವುದೂ ಅದನ್ನೇ. ಅರವತ್ತು ಜನ ಇಂಗ್ಲಿಷ್ ಬಲ್ಲವರು ನಮ್ಮ ಮಾತಿಗೆ ನಗುತ್ತಿದ್ದಾರೆ ಅನ್ನುವುದು ತಲೆಗೇರಿತ್ತು. ಸಾಕವ್ವನ ಮಾತು ಓದಿದವರ ಅವ್ವ ನಂಜನಗೂಡು ಕಡೆಯವರು, ಇವತ್ತಿಗೂ ಅದೇ ಮಾತಾಡುತ್ತಾರೆ. ಅವರು ಆ ಸಭೆಯಲ್ಲಿ ಕೂತಿದ್ದರೆ ಆ ರಾಗ ಎಳೆಯುತ್ತಿದ್ದೆವೇ? ಬಾಯಿ ಏಳುತ್ತಿರಲಿಲ್ಲ. ಹಲಸೂರಿನಲ್ಲಿ ನಾವು ರಾಗ ಹಾಕಲಿಲ್ಲ. ಹಾಕಿದ್ದರೆ ಆ ಅಮ್ಮಂದಿರು ಅಲ್ಲೇ ಹಿಡಿದುಬಿಡುತ್ತಿದ್ದರು. ಅವತ್ತು ಮೆಟ್ರೋದಲ್ಲಿ ಏನೋ ಕಳಕೊಂಡ ಹಾಗಿತ್ತು ಅಂದೆವಲ್ಲ, ಕಳಕೊಂಡದ್ದು ಇದನ್ನೇ. ಕದ್ದವರು ಸಭೆಯವರಲ್ಲ. ನಾವೇ ನಮ್ಮ ಮನೆಯ ಹುಂಜವನ್ನು 100 ಅಡಿ ರಸ್ತೆಗೆ ಒಯ್ದು ಮಾರಿ ಬಂದಿದ್ದೆವು.

ಹಾಗಂತ ಇಂದಿರಾನಗರದಲ್ಲಿ ಇನ್ನು ಓದುವುದಿಲ್ಲ ಅಂತ ನಾವು ಶಪಥ ಮಾಡುವುದಿಲ್ಲ. ಕೇರಿಯ ಕತೆ ಕೇರಿಗೇ ಸಾಕು ಅನ್ನುವುದು ಮತ್ತೊಂದು ಬಗೆಯ ಕೇರಿ ಕಟ್ಟಿಕೊಂಡ ಹಾಗೆ. ನೂರು ಜನ ನಕ್ಕರೆ ಅದರಲ್ಲಿ ಒಬ್ಬರ ನಗುವಾದರೂ ನಡುವೆ ಗಂಟಲಲ್ಲಿ ಸಿಕ್ಕಿಕೊಂಡೀತು. ಆ ಒಬ್ಬರಿಗಾಗಿ ಓದುತ್ತೇವೆ. ಆದರೆ ಇನ್ನು ಮೇಲೆ ರಾಗ ಹಾಕುವುದಿಲ್ಲ. ಸಾಕವ್ವ ಮಾತಾಡಿದ ಹಾಗೆ ಓದುತ್ತೇವೆ, ನಗು ಬರಲಿ ಬರದಿರಲಿ. ಪೊಲೀಸರು ಬಾಗಿಲಿಗೆ ಬಂದಾಗ ಹಲಸೂರಿನ ಆ ಮಗುವನ್ನು ನೆನೆದು ಓದುತ್ತೇವೆ. ಆಮೇಲೂ ನಗುವವರು ನಗಲಿ, ಅದು ಅವರವರ ಲೆಕ್ಕ.

ಮುಂದಿನ ಓದು ಕೆ.ಆರ್. ಪುರದಲ್ಲಿ, ನಮ್ಮ ಮನೆಗಳ ಮುಂದೆಯೇ. ನಂಜನಗೂಡಿನ ಆ ಅವ್ವನನ್ನು ಮುಂದೆ ಕೂರಿಸುತ್ತೇವೆ ಅಂತ ತೀರ್ಮಾನ ಆಗಿದೆ. ಹೋಗಿ ಕರೆದೆವು. ಕೋಳಿ ಕಳೆದುಹೋದ ಕತೆ ಅವ್ವ, ದೊಡ್ಡ ಲೇಖಕರು ಬರೆದದ್ದು ಅಂತ ಹೇಳಿದೆವು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನನ್ ಕೋಳಿ ಕಳ್ದೋದಾಗ ಯಾರ್ಲಾ ಓದುದ್ರು?" ಅಂದರು.

ಅವರೇ ಮೊದಲು ನಕ್ಕರು. ಆಮೇಲೆ ನಾವು.